ಸವತಿಯ ಹೆಬ್ಬೆಟ್ಟು

ಎರ್ರೆಮ್ಮ ಲಗ್ನವಾಗಿ ಬಂದ ಮನೆಯಲ್ಲಿ ಆಗಲೇ ಒಬ್ಬಳು ಸೊಸೆ ಇದ್ದಳು. ಸತ್ತು ವರ್ಷ ತುಂಬಿತ್ತು ಅನ್ನುವುದೊಂದನ್ನು ಬಿಟ್ಟರೆ ಆಕೆಗೆ ಆ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಹಬ್ಬದ ದಿನ ಮೊದಲ ತುತ್ತು ಆಕೆಗೆ, ಹೊಸ ಸೀರೆ ಬಂದರೆ ಮೊದಲು ಆಕೆಗೆ, ಅತ್ತೆಯ ಬಾಯಲ್ಲಿ ಏಳುತ್ತ ಕೂರುತ್ತ ಬರುವ ಹೆಸರೂ ಆಕೆಯದೇ. ಬದುಕಿದ್ದಾಗ ಇದರಲ್ಲಿ ಅರ್ಧ ಮರ್ಯಾದೆ ಸಿಕ್ಕಿದ್ದರೂ ಆಕೆ ಬೆರಗಾಗುತ್ತಿದ್ದಳೇನೋ. ಆಕೆಯ ಹೆಸರು ವಿರುಪಮ್ಮ.

ಎರ್ರೆಮ್ಮ ಕಂಪ್ಲಿ ಕಡೆಯ ಹೊಳೆದಂಡೆಯ ಹುಡುಗಿ. ಭತ್ತದ ಗದ್ದೆ, ಬಾಳೆ ತೋಟ, ಕಾಲುವೆಯ ನೀರು ನೋಡಿ ಬೆಳೆದವಳು. ಏಳನೇ ಕ್ಲಾಸು ಪಾಸಾಗಿದ್ದಳು. ಅಕ್ಷರ ದುಂಡಗೆ ಬರುತ್ತಿತ್ತು. ಹೆಸರು ಬರೆದು ಕೆಳಗೊಂದು ಗೆರೆ ಎಳೆದು ಸಹಿ ಮಾಡುವುದೆಂದರೆ ಅವಳಿಗೆ ಒಳಗೊಳಗೇ ಜಂಬ. ಮನೆಯಲ್ಲಿ ಬರೀ ಹೆಣ್ಣುಮಕ್ಕಳು, ಅವಳೇ ಹಿರಿಯಳು. ಎರಡನೇ ಸಂಬಂಧವಾದರೆ ಗಂಡಿನ ಕಡೆಯವರು ಹೆಚ್ಚು ಬಾಯಿ ತೆರೆಯುವುದಿಲ್ಲ ಎಂದು ಅವಳಪ್ಪ ಸಂಡೂರು ಸೀಮೆಯ ಜಂಬಪ್ಪನಿಗೆ ಕೊಟ್ಟು ಕೈತೊಳೆದುಕೊಂಡ. ಅಳಿಯ ಲಾರಿ ಓಡಿಸುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ಬಂದ. ಅಳಿಯನಿಗೆ ಒಬ್ಬ ಮಗಳಿದ್ದಾಳೆ ಅನ್ನುವುದನ್ನು ಮಾತ್ರ ತಗ್ಗಿದ ದನಿಯಲ್ಲಿ ಹೇಳಿದ.

ಆಗ ಸಂಡೂರು ಸೀಮೆಯಲ್ಲಿ ಮಣ್ಣಿಗೆ ಬಂಗಾರದ ಬೆಲೆ ಬಂದ ಕಾಲ. ಗುಡ್ಡ ಕಡಿದು ಚೀನಾಕ್ಕೆ ಕಳಿಸುತ್ತಿದ್ದರು. ಹೊಸಪೇಟೆಯ ದಾರಿಯುದ್ದಕ್ಕೂ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತಿದ್ದವು. ಬಂಡ್ರಿಯಿಂದಾಚೆ ಜಂಬಪ್ಪನ ಹಟ್ಟಿಯಲ್ಲಿ ಕೆಂಪಾಗದ ವಸ್ತುವೇ ಇರಲಿಲ್ಲ. ಗೋಡೆ, ಬೇವಿನ ಎಲೆ, ಒಣಹಾಕಿದ ಬಿಳಿ ಪಂಚೆ, ಕೊನೆಗೆ ಉಗುಳಿದ ಎಂಜಲು ಕೂಡ ಕೆಂಪು. ಹೆಂಗಸರು ದಿನವಿಡೀ ಸುತ್ತಿಗೆ ಹಿಡಿದು ಅದಿರಿನ ಕಲ್ಲು ಒಡೆಯುತ್ತಿದ್ದರು. ಎರ್ರೆಮ್ಮನೂ ಬಂದ ತಿಂಗಳಲ್ಲೇ ಆ ಸಾಲಿನಲ್ಲಿ ಕುಳಿತಳು.

ಲಗ್ನದ ದಿನ ಅತ್ತೆ ದುರ್ಗಕ್ಕ ಅವಳ ಕೊರಳಿಗೆ ಎರಡು ತಾಳಿ ಕಟ್ಟಿಸಿದಳು. ಒಂದು ಅವಳದು. ಇನ್ನೊಂದು ಬೆಳ್ಳಿಯ ಪುಟ್ಟ ಬಿಲ್ಲೆ, ಮೇಲೆ ಒಂದು ಹೆಣ್ಣಿನ ಆಕಾರ ಒತ್ತಿತ್ತು. ಅದು ಸವತಿ ತಾಳಿ. ಎರಡನೆಯವಳಾಗಿ ಬಂದವಳು ಸತ್ತ ಮೊದಲನೆಯವಳನ್ನು ಹೀಗೆ ಕೊರಳಲ್ಲಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಆಕೆ ಮುನಿಸಿಕೊಂಡು ಸಂಸಾರ ಕೆಡಿಸುತ್ತಾಳೆ ಎಂಬುದು ಆ ಕಡೆಯವರ ನಂಬಿಕೆ. ಹೊಸ ಸೀರೆ ಬಂದರೆ ಬಿಲ್ಲೆಗೆ ಮುಟ್ಟಿಸಿ, "ಅಕ್ಕಾ, ಉಟ್ಟು ಕೊಡವಾ" ಎಂದು ಕೇಳಿ, ಆಮೇಲೆ ತಾನು ಉಡಬೇಕು. ಎರ್ರೆಮ್ಮ ಇದನ್ನು ನಂಬಿದಳೆನ್ನಲಾರೆ, ನಂಬಲಿಲ್ಲವೆನ್ನಲೂ ಧೈರ್ಯವಿಲ್ಲ. ದಿನ ಕಳೆದಂತೆ ಸವತಿಯ ಜೊತೆ ಒಂದೆರಡು ಮಾತಾಡುವುದೂ ರೂಢಿಯಾಯಿತು. ಆ ಮನೆಯಲ್ಲಿ ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಆಕೆಯೊಬ್ಬಳೇ.

ವಿರುಪಮ್ಮ ಸತ್ತದ್ದು ಹೇಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಲ್ಲು ಒಡೆಯುವ ಹೆಂಗಸರ ಬಾಯಿಂದ ಚೂರು ಚೂರಾಗಿ ತಿಳಿಯಿತು. ಅದಿರಿನ ಗುಡ್ಡೆಯ ಬುಡದಲ್ಲಿ ಮಣ್ಣು ಕೆದರುತ್ತಿದ್ದಾಗ ಗುಡ್ಡೆಯೇ ಜಾರಿ ಮೈಮೇಲೆ ಬಂತು. ಜೆಸಿಬಿ ತಂದು ಹೆಣ ತೆಗೆದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿಸಿದ ಕಾಂಟ್ರಾಕ್ಟರ, ಆಕೆ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂದ. ಅಲ್ಲಿಯವರೆಗೆ ಲಾರಿಗೆ ಮಣ್ಣು ತುಂಬುತ್ತಿದ್ದ ಜಂಬಪ್ಪನ ಕೈಗೆ ಮರುತಿಂಗಳು ಲಾರಿಯ ಸ್ಟೇರಿಂಗ್ ಬಂತು. ಈ ಎರಡಕ್ಕೂ ಏನು ಸಂಬಂಧ ಎಂದು ಹಟ್ಟಿಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರ ಮನೆಯ ಒಲೆಯೂ ಅದೇ ಗಣಿಯಿಂದ ಉರಿಯುವಾಗ ಕೇಳುವವರಾದರೂ ಯಾರು? ಸಾವನ್ನು ಬರೆಸಲು ಹೋದರೆ ಹೇಗೆ ಸತ್ತಳು ಎಂದು ಕೇಳುತ್ತಾರೆ, ಅದಕ್ಕೆ ಯಾರೂ ಹೋಗಲಿಲ್ಲ. ಹೀಗಾಗಿ ವಿರುಪಮ್ಮ ಮಣ್ಣಲ್ಲಿ ಮಲಗಿದ್ದರೂ ಸರ್ಕಾರದ ಕಾಗದದಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದಳು. ಕಣ್ಣೆದುರು ಬದುಕಿದ್ದ ಎರ್ರೆಮ್ಮ ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಹೀಗಿರುವಾಗ ಹೊಸ ರೇಷನ್ ಕಾರ್ಡಿನ ಡಂಗುರ ಬಂತು. ಸುಳ್ಳು ಕಾರ್ಡು, ಸತ್ತವರ ಕಾರ್ಡು ಹೆಚ್ಚಾಗಿವೆಯಂತೆ. ಇನ್ನು ಮುಂದೆ ಪ್ರತಿಯೊಬ್ಬರೂ ಖುದ್ದಾಗಿ ಬಂದು ಕಂಪ್ಯೂಟರಿಗೆ ಮುಖ ತೋರಿಸಿ ಹೆಬ್ಬೆಟ್ಟು ಕೊಡಬೇಕಂತೆ. ಮುಖ ಸುಳ್ಳು ಹೇಳಬಹುದು, ಹೆಬ್ಬೆಟ್ಟು ಹೇಳುವುದಿಲ್ಲ ಎಂದು ಮೈಕಿನಲ್ಲಿ ಕೂಗಿದರು. ಶಾಲೆಯ ಪಡಸಾಲೆಯಲ್ಲಿ ಕ್ಯಾಮೆರಾ, ಕಂಪ್ಯೂಟರು, ಕೆಂಪು ಬೆಳಕಿನ ಒಂದು ಗಾಜಿನ ತುಂಡು ಇಟ್ಟುಕೊಂಡು ಹಂಪೇಶ್ ಎಂಬ ಸಂಡೂರಿನ ಹುಡುಗ ಕುಳಿತಿದ್ದ. ಹಳೆಯ ಕಾರ್ಡು ನೋಡಿ ಒಂದೊಂದೇ ಹೆಸರು ಕೂಗುತ್ತಿದ್ದ. ಜಂಬಪ್ಪ ಎದ್ದು ಹೋಗಿ ಬಂದ. ಆಮೇಲೆ ಹುಡುಗ, "ವಿರುಪಮ್ಮ, ಗಂಡ ಜಂಬಪ್ಪ" ಎಂದು ಕೂಗಿದ.

ಯಾರೂ ಏಳಲಿಲ್ಲ. ಹಂಪೇಶ್ ಮತ್ತೊಮ್ಮೆ ಕೂಗಿದ. ಜಂಬಪ್ಪ ಕಾಲಬೆರಳು ನೋಡುತ್ತ ನಿಂತಿದ್ದ. ದುರ್ಗಕ್ಕ ಎರ್ರೆಮ್ಮನ ಮೊಳಕೈ ತಿವಿದಳು.

"ಏಳು, ಹೋಗಿ ಕುಂದ್ರು."

"ನಾನ್ಯಾಕ ಅತ್ತಿ? ಅದು ಅಕ್ಕನ ಹೆಸರು."

"ಕೊಳ್ಳಾಗ ಆಕೀನ ಕಟಿಗೊಂಡೀಯಲ್ಲ, ಮತ್ತೇನು? ಆಕಿ ಸೀರಿ ಉಡ್ತಿ, ಆಕಿ ಉಂಡಿದ್ದು ಉಣ್ತಿ. ಹೆಸರು ಒಂದು ಭಾರ ಆತೇನು? ಜಲ್ದಿ ಏಳು, ಮಂದಿ ನೋಡಾಕತ್ತಾರ."

ನಮ್ಮ ನಿಮ್ಮಂಥವರಿಗೆ ಇದು ಮೋಸ. ದುರ್ಗಕ್ಕನಿಗೆ ಖಂಡಿತ ಅಲ್ಲ. ಸೊಸೆಯ ಕೊರಳಲ್ಲಿ ಸೊಸೆ ಇದ್ದಾಳೆ, ಇಬ್ಬರೂ ಒಟ್ಟಿಗೆ ಹೋಗಿ ಕೂರುತ್ತಾರೆ, ಅಷ್ಟೇ. ಎರ್ರೆಮ್ಮನಿಗೂ ಆ ಗಳಿಗೆಯಲ್ಲಿ ಅದು ಸರಿಯೆಂದೇ ತೋರಿತು. ಸೀರೆಯ ಹಾಗೆಯೇ ಇದೂ ಒಂದು. ಮೊದಲು ಆಕೆಗೆ ಕೊಟ್ಟು ಆಮೇಲೆ ತಾನು ಇಸಿದುಕೊಂಡರಾಯಿತು ಎಂದುಕೊಂಡು ಹೋಗಿ ಕುಳಿತಳು. ಸುತ್ತಿಗೆ ಹಿಡಿದು ಸವೆದ ಹೆಬ್ಬೆರಳನ್ನು ಗಾಜು ಒಪ್ಪಲಿಲ್ಲ. ಹಂಪೇಶ್ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಲು ಹೇಳಿ, ಬೆರಳ ಮೇಲೆ ತನ್ನ ಬೆರಳಿಟ್ಟು ಬಲವಾಗಿ ಒತ್ತಿದ. "ಆತು ನೋಡ್ರಿ ವಿರುಪಮ್ಮ, ಏಳ್ರಿ" ಅಂದ. ಅವಳು ಎದ್ದಳು. ಬಾಗಿಲ ಹತ್ತಿರ ಬಂದಮೇಲೆ, ಕುರ್ಚಿಯಲ್ಲಿ ಇನ್ನೂ ಯಾರೋ ಕುಳಿತೇ ಇದ್ದಾರೆ ಅನ್ನಿಸಿ ಹಿಂದಿರುಗಿ ನೋಡಿದಳು.

ಸೀರೆಯಾದರೆ ಸವತಿ ತಿರುಗಿ ಕೊಡುತ್ತಿದ್ದಳು. ಇದನ್ನು ಕೊಡಲಿಲ್ಲ.

ಕಾರ್ಡು ಬಂತು. ಎರ್ರೆಮ್ಮನ ಮುಖ, ಕೆಳಗೆ ವಿರುಪಮ್ಮನ ಹೆಸರು, ವಿರುಪಮ್ಮನ ವಯಸ್ಸು. ರೇಷನ್ ಅಂಗಡಿಯವನು ಕಾರ್ಡು ನೋಡಿ ಕೂಗುವ ಹೆಸರಿಗೆ ಅವಳು ಮೊದಮೊದಲು ತಡೆದು ತಡೆದು ಓಗೊಡುತ್ತಿದ್ದಳು. ಬರಬರುತ್ತ ತಡೆಯುವುದೂ ನಿಂತಿತು. ಒಂದು ದಿನ ಕಲ್ಲು ಒಡೆಯುತ್ತಿದ್ದಾಗ ಯಾರೋ ಹಿಂದಿನಿಂದ "ಎರ್ರೀ" ಎಂದು ಕರೆದರೆ ಅವಳಿಗೆ ತಿಳಿಯಲೇ ಇಲ್ಲ. ಹೆಂಗಸರು ನಕ್ಕರು. ಅವಳೂ ನಕ್ಕಳು, ಆಮೇಲೆ ತನ್ನ ಹೆಸರನ್ನು ಬಾಯೊಳಗೇ ಹೇಳಿ ನೋಡಿಕೊಂಡಳು.

ಇನ್ನೊಂದು ದಿನ ದುರ್ಗಕ್ಕ ಸಾರು ಬಾಯಿಗಿಟ್ಟವಳು ತುತ್ತು ಕೈಯಲ್ಲೇ ಹಿಡಿದು ಕುಳಿತುಬಿಟ್ಟಳು. ಕಣ್ಣಲ್ಲಿ ನೀರು.

"ಇದು ವಿರುಪಿ ಮಾಡೋ ಸಾರು. ಯಾರು ಹೇಳಿಕೊಟ್ರು ನಿನಗ?"

ಯಾರೂ ಹೇಳಿಕೊಟ್ಟಿರಲಿಲ್ಲ. ಹುಣಸೆ ಕಡಿಮೆ ಮಾಡಿ ಮೇಲೆ ಬೆಳ್ಳುಳ್ಳಿ ಸುಟ್ಟು ಹಾಕಬೇಕೆಂದು ಕೈಗೆ ತಾನಾಗಿಯೇ ತೋಚಿತ್ತು. ಅತ್ತೆ ಅಂದು ಎರಡು ಮುದ್ದೆ ಹೆಚ್ಚಿಗೆ ಉಂಡಳು. ಎರ್ರೆಮ್ಮ ತನ್ನ ತಾಟು ಪಕ್ಕಕ್ಕಿಟ್ಟಳು. ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಈ ಕೈ ನನ್ನದೇ ತಾನೇ ಎಂಬ ಅನುಮಾನ ಒಮ್ಮೆ ಹೊಕ್ಕರೆ ಸಾಕು, ಅದು ಮನುಷ್ಯರನ್ನು ಒಳಗಿನಿಂದ ಗೆದ್ದಲಿನ ಹಾಗೆ ತಿನ್ನುತ್ತದೆ. ಅವಳಿಗೆ ಹೆದರಿಕೆ ಶುರುವಾಯಿತು. ಕೊರಳ ಬಿಲ್ಲೆಯ ಜೊತೆ ಮಾತಾಡುವುದನ್ನು ನಿಲ್ಲಿಸಿದಳು. ಮಾತು ನಿಲ್ಲಿಸಿದ ಮೇಲೆ ಆಕೆ ಇನ್ನೂ ಹತ್ತಿರ ಬಂದಂತಾಯಿತು.

ಅಷ್ಟರಲ್ಲಿ ಹಟ್ಟಿಯ ಅಂಗನವಾಡಿಗೆ ಒಬ್ಬ ಸಹಾಯಕಿ ಬೇಕೆಂಬ ಸುದ್ದಿ ಬಂತು. ಓದು ಬರಹ ಬಲ್ಲವಳಾಗಬೇಕು, ಇದೇ ಊರವಳೆಂದು ರೇಷನ್ ಕಾರ್ಡಿನಲ್ಲಿ ಹೆಸರಿರಬೇಕು. ಹಟ್ಟಿಯ ಸೊಸೆಯರಲ್ಲಿ ಏಳನೇ ಕ್ಲಾಸು ಮುಟ್ಟಿದವಳು ಎರ್ರೆಮ್ಮನೊಬ್ಬಳೇ, ಆದರೆ ಕಾರ್ಡಿನಲ್ಲಿ ಅವಳ ಹೆಸರಿರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಅ ಆ ಹೇಳಿಕೊಡುವುದು, ದಿನವೂ ಹಾಜರಿಗೆ ತನ್ನ ಹೆಸರು ಬರೆದು ಕೆಳಗೆ ಗೆರೆ ಎಳೆಯುವುದು, ಇದನ್ನೆಲ್ಲ ನೆನೆದೇ ಅವಳಿಗೆ ಮೈಯಲ್ಲಿ ಜೀವ ಬಂದಂತಾಯಿತು. ಕೆಲಸದ ಆಸೆ ಇತ್ತು, ಇಲ್ಲವೆನ್ನುವುದೇಕೆ? ಆದರೆ ಅದಕ್ಕಿಂತ ದೊಡ್ಡದು, ತನ್ನ ಹೆಸರು ತನಗೆ ವಾಪಸು ಬೇಕಿತ್ತು. ಅದು ಕೈಬಿಟ್ಟು ಹೋದರೆ ತಾನೂ ಹೋದೆನೆಂದು ಅವಳಿಗೆ ಖಾತ್ರಿಯಾಗಿತ್ತು.

ಯಾರಿಗೂ ಹೇಳದೆ ಕಂಪ್ಲಿಯ ಶಾಲೆಯ ಟಿ.ಸಿ. ಕಟ್ಟಿಕೊಂಡು ಸಂಡೂರಿನ ಬಸ್ಸು ಹತ್ತಿದಳು. ಹಂಪೇಶ್ ಅಲ್ಲಿ ಕಂಪ್ಯೂಟರ್ ಕೇಂದ್ರದಲ್ಲಿ ಕುಳಿತಿದ್ದ, ಅವಳನ್ನು ಗುರುತಿಸಲಿಲ್ಲ. ಊರೂರಿನ ಮುಖ ನೋಡಿದವನಿಗೆ ಒಂದು ಮುಖ ಎಲ್ಲಿ ನೆನಪಿರಬೇಕು? ಹೊಸ ಹೆಸರು ಸೇರಿಸಬೇಕೆಂದಾಗ ಬೆರಳಿಡಲು ಹೇಳಿದ. ಇಟ್ಟಳು. ಅವನು ಪರದೆ ನೋಡಿ ಹುಬ್ಬು ಗಂಟಿಕ್ಕಿದ.

"ನೀವು ಆಗ್ಲೇ ಅದೀರಲ್ರೀ. ವಿರುಪಮ್ಮ, ಗಂಡ ಜಂಬಪ್ಪ."

"ನಾನು ಎರ್ರೆಮ್ಮರಿ. ವಿರುಪಮ್ಮಕ್ಕ ಸತ್ತು ಭಾಳ ದಿನ ಆತು."

"ಸತ್ತಾಕಿ ಹೆಬ್ಬೆಟ್ಟು ನಿಮ್ಮ ಕೈಯಾಗ ಹೆಂಗ ಬಂತ್ರೀ?"

ಅವಳು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಹಂಪೇಶ್ ಕೆಟ್ಟವನಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ನೋಡ್ರೀ ಅಕ್ಕಾರ, ಮಷೀನಿಗೆ ನೀವಾದ್ರ ಆಕಿನ. ನಾನು ಆಕಿ ಸತ್ತಾಳಂತ ಒತ್ತಿದ್ನೆಪ್ಪಾ ಅಂದ್ರ ಈ ಹೆಬ್ಬೆಟ್ಟೂ ಸತ್ತ ಲೆಕ್ಕಕ್ಕ ಹೋಗ್ತೈತಿ. ಮುಂದ ನೀವು ಯಾವ ಹೆಸರು ಹೇಳಿ ಬೆರಳಿಟ್ರೂ ಸತ್ತಾರ ಅಂತೈತಿ. ಇದು ನನ್ನ ಕೈಯಾಗಿಲ್ಲ. ಮ್ಯಾಲಿನವರಿಗೆ ಅರ್ಜಿ ಕೊಡ್ರಿ, ಬಂದು ವಿಚಾರಣಿ ಮಾಡ್ತಾರ. ನಿಮ್ಮ ಮನಿಯವರು ಹೌದಂದ್ರ ಬದಲಾಗ್ತೈತಿ."

ಅರ್ಜಿ ಬರೆದಳು. ಎಷ್ಟೋ ದಿನಗಳ ಮೇಲೆ ತನ್ನ ಸಹಿ ಮಾಡಿದಳು. ಕೆಳಗಿನ ಗೆರೆ ಸೊಟ್ಟಗಾಯಿತು.

ವಿಷಯ ತಿಳಿದಾಗ ಜಂಬಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಲಾರಿಯಿಂದ ಇಳಿದು ಬಂದವನು ಕಟ್ಟೆಯ ಮೇಲೆ ಕುಸಿದು ಕುಳಿತ.

"ಹೆಂಗ ಸತ್ಲು ಅಂತಾರ. ಏನ್ ಹೇಳ್ಲಿ ನಾನು?"

"ಖರೇ ಹೇಳು."

"ಖರೇ ಹೇಳಿದ್ರ ಅವತ್ಯಾಕ ಹೇಳಲಿಲ್ಲ ಅಂತಾರ. ಬ್ಯಾಡ ಎರ್ರೀ, ಅರ್ಜಿ ವಾಪಸ್ ತಗಾ. ನಾನು ಸ್ಟೇರಿಂಗ್ ಹಿಡಿದಾಗೆಲ್ಲ ಆಕಿ ಬಾಜೂಕ ಕುಂತಿರತಾಳ. ಮತ್ತೊಂದ್ಸಲ ಆಕೀನ ಸಾಯಿಸು ಅಂತೀಯೇನು?"

ಗಂಡ ಅಳುವುದನ್ನು ಅವಳು ಅಂದೇ ಮೊದಲು ಕಂಡದ್ದು. ಅಯ್ಯೋ ಅನ್ನಿಸಿತು. ಆದರೂ ಅರ್ಜಿ ವಾಪಸು ಪಡೆಯಲಿಲ್ಲ, ಯಾಕೆಂದರೆ ಹೆದರಿಕೆ ಕರುಣೆಗಿಂತ ದೊಡ್ಡದಿತ್ತು. ಮರುದಿನ ಅವಳ ಮನಸ್ಸು ಇನ್ನೂ ಗಟ್ಟಿಯಾಗುವಂಥದ್ದೊಂದು ನಡೆಯಿತು.

ಶಾಲೆಯಿಂದ ಬಂದ ಪಲ್ಲವಿ ರೇಷನ್ ಕಾರ್ಡು ಹಿಡಿದು ಮೂಲೆಯಲ್ಲಿ ಕುಳಿತಿದ್ದಳು. ನಾಲ್ಕನೇ ಕ್ಲಾಸಿನ ಹುಡುಗಿ, ವಿರುಪಮ್ಮನ ಮಗಳು. ಎರ್ರೆಮ್ಮನನ್ನು ಚಿಗವ್ವ ಅನ್ನುತ್ತಿದ್ದಳು. ಒಲ್ಲೆನೆಂದು ದೂರ ಹೋದವಳೂ ಅಲ್ಲ, ಬಂದು ಮಡಿಲಲ್ಲಿ ಕುಳಿತವಳೂ ಅಲ್ಲ. ಕಾರ್ಡು ನೋಡುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮತ್ತೆ ನೋಡುವುದು, ಹೀಗೆ ಮಾಡುತ್ತಿದ್ದಳು.

"ಏನ್ ಮಾಡಾಕತ್ತೀ ಪಲ್ಲೀ?"

"ಅವ್ವನ ಮಾರಿ ನೆನಪು ಮಾಡ್ಕೊಳಾಕತ್ತೀನಿ. ಬರವಲ್ದು."

ವಿರುಪಮ್ಮನ ಫೋಟೊ ಎಂದು ಆ ಮನೆಯಲ್ಲಿದ್ದದ್ದು ಒಂದೇ. ಹಂಪಿಗೆ ಹೋದಾಗ ತೆಗೆಸಿದ್ದು, ಸೋರಿದ ಮಾಡಿನ ನೀರು ಕುಡಿದು ಗಾಜಿಗೆ ಅಂಟಿ ಅಳಿಸಿಹೋಗಿತ್ತು. ಈಗ ಆಕೆಯ ಹೆಸರಿನ ಮೇಲಿದ್ದ ಮುಖ ಕಾರ್ಡಿನಲ್ಲಿದ್ದದ್ದೊಂದೇ.

"ಕಣ್ಣು ಮುಚ್ಚಿದ್ರ ನಿನ್ನ ಮಾರೀನ ಬರ್ತೈತಿ ಚಿಗವ್ವ. ಮೊದ್ಲು ಹಿಂಗ ಬರ್ತಿದ್ದಿಲ್ಲ."

ಎರ್ರೆಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಷ್ಟು ದಿನ ಸವತಿ ತನ್ನೊಳಗೆ ಹೊಕ್ಕಳೆಂದು ಹೆದರಿ ಸತ್ತಿದ್ದಳು. ನೋಡಿದರೆ ಹೊಕ್ಕವಳು ತಾನು. ಸತ್ತವಳ ಮುಖದ ಮೇಲೆ ತಾನು ಹೋಗಿ ಕುಳಿತು, ಮಗುವಿನ ಕಣ್ಣೊಳಗಿನಿಂದಲೂ ಆಕೆಯನ್ನು ಹೊರಗೆ ಹಾಕಿದ್ದಳು. ಈ ಕಾರ್ಡು ಬದಲಾಗಲೇಬೇಕು, ನನ್ನ ಹೆಸರು ನನಗೆ, ಆ ಮಗುವಿನ ತಾಯಿ ಆ ಮಗುವಿಗೆ ಸಿಗಲೇಬೇಕು ಎಂದು ಅವಳು ಆಣೆ ಮಾಡಿಕೊಂಡಳು.

ವಿಚಾರಣೆಗೆ ಸಾಹೇಬರು ಜೀಪಿನಲ್ಲಿ ಬಂದರು. ಹಗಲು ಹೊತ್ತು, ಅಂಗಳದ ತುಂಬ ಜನ. ಒಂದು ಪೆಟ್ಟಿಗೆಯಲ್ಲಿ ಹೆಬ್ಬೆಟ್ಟಿನ ಮಷೀನನ್ನೂ ತಂದಿದ್ದರು. ಎರ್ರೆಮ್ಮ ತಲೆತುಂಬ ಸೆರಗು ಹೊದ್ದು ಮುಂದೆ ಬಂದು ನಿಂತು, ಗಟ್ಟಿಯಾಗಿ ಹೇಳಿದಳು.

"ನಾನು ಎರ್ರೆಮ್ಮರಿ, ಇವರ ಎರಡನೇ ಹೇಣ್ತಿ. ವಿರುಪಮ್ಮಕ್ಕ ಅದಿರಿನ ಗುಡ್ಡಿ ಬಿದ್ದು ಸತ್ಲು. ಇಲ್ಲಿದ್ದ ಮಂದಿಗೆಲ್ಲಾ ಗೊತ್ತೈತಿ, ಕೇಳ್ರಿ."

ಸಾಹೇಬರು ಅಂಗಳದ ಸುತ್ತ ನೋಡಿದರು. ಜನ ಗುಡ್ಡದ ಕಡೆ ನೋಡಿದರು, ನೆಲ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತು ಕಲ್ಲು ಒಡೆದ ಹೆಂಗಸರು ಕೂಡ ತುಟಿ ಎರಡು ಮಾಡಲಿಲ್ಲ. ಹೇಡಿಗಳೆಂದು ಬೈಯಲು ಬಾಯಿ ಬರುತ್ತದೆ. ಮಾರನೆಯ ದಿನ ಅವರ ಒಲೆ ಹೊತ್ತಿಸಲು ಬೈದವರು ಬರುವುದಿಲ್ಲವಲ್ಲ.

"ಏನಪ್ಪಾ, ಈಕೆ ಯಾರು?" ಎಂದು ಸಾಹೇಬರು ಜಂಬಪ್ಪನನ್ನು ಕೇಳಿದರು.

"ನನ್ನ ಹೇಣ್ತಿರಿ. ವಿರುಪಮ್ಮ." ಹೇಳುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

"ಮತ್ತೆ ಈ ಎರ್ರೆಮ್ಮ ಅನ್ನೋರು?"

ದುರ್ಗಕ್ಕ ಮುಂದೆ ಬಂದಳು. ಅವಳ ದನಿಯಲ್ಲಿ ಕಪಟವಿರಲಿಲ್ಲ, ನಿಜವಾದ ಸಂಕಟವಿತ್ತು.

"ಅದು ಮೈಮ್ಯಾಲೆ ಬರೋದ್ರಿ ಸ್ವಾಮಿ. ಹೊಳಿ ಕಡೀದು ಯಾವುದೋ ಗಾಳಿ, ಎರ್ರೆಮ್ಮ ಅಂತ. ನಮ್ಮ ಸೊಸೀಗೆ ಬಡಕೊಂಡೈತಿ. ಅದು ಬಂದಾಗ ನಾನು ವಿರುಪಮ್ಮ ಅಲ್ಲಂತಾಳ, ಕಂಪ್ಲಿಯಾಕಿ ಅಂತಾಳ. ತಾಯತ ಕಟ್ಟಿಸಬೇಕ್ರಿ, ಬಿಡ್ರಿ."

 ಬದುಕಿದ ಹೆಂಗಸನ್ನು, ಅವಳ ಕಣ್ಣೆದುರಿಗೇ, ಸತ್ತವಳ ಮೈಮೇಲೆ ಬರುವ ದೆವ್ವ ಮಾಡಿಬಿಟ್ಟಿದ್ದರು. ಎರ್ರೆಮ್ಮ ಗಡಬಡಿಸಿ ಟಿ.ಸಿ. ತೆಗೆದು ಕೊಟ್ಟಳು. ಸಾಹೇಬರು ಮಡಿಕೆ ಬಿಚ್ಚಿ ಓದಿ ವಾಪಸು ಕೊಟ್ಟರು.

"ಇದರಲ್ಲಿ ಫೋಟೊ ಎಲ್ಲಿದೆಯಮ್ಮಾ? ಇದು ಯಾರದ್ದಾದರೂ ಆಗಬಹುದು. ಬೆರಳಿಡು."

ಇಟ್ಟಳು. ಮಷೀನು ಕುಂಯ್ ಎಂದು ಕೂಗಿ ವಿರುಪಮ್ಮ ಅಂದಿತು. ಸಾಹೇಬರ ಮುಖದಲ್ಲಿ ಅನುಮಾನ ಉಳಿಯಲಿಲ್ಲ, ಮರುಕ ಉಳಿಯಿತು. ಹೊರಡುವ ಮುನ್ನ, ಮಕ್ಕಳು ಸುಳ್ಳು ಹೇಳುವುದಿಲ್ಲವೆಂದು, ಬೇವಿನ ಬುಡದಲ್ಲಿ ನಿಂತಿದ್ದ ಪಲ್ಲವಿಯನ್ನು ಕರೆದರು.

"ಹೆದರಬೇಡ ಪುಟ್ಟಿ. ನಿಮ್ಮಮ್ಮ ಎಲ್ಲಿದ್ದಾರೆ?"

ಹೇಳು ಮಗಳೇ, ನಿಮ್ಮವ್ವ ಸತ್ತಳೆಂದು ಹೇಳು ಎಂದು ಎರ್ರೆಮ್ಮನ ಪ್ರಾಣವೆಲ್ಲ ಕಣ್ಣಿಗೆ ಬಂತು. ಪಲ್ಲವಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಯಾರೂ ಹೇಳಿಕೊಟ್ಟಂತಿರಲಿಲ್ಲ, ಯಾರಿಗೂ ಹೆದರಿದಂತೆಯೂ ಇರಲಿಲ್ಲ. ಕಣ್ಣು ಮುಚ್ಚಿದಳು, ತೆರೆದಳು. ಆಮೇಲೆ ನಡೆದು ಬಂದು ಎರ್ರೆಮ್ಮನ ಸೆರಗಿನ ಚುಂಗು ಹಿಡಿದುಕೊಂಡಳು.

"ಇಕೀನ ನಮ್ಮವ್ವ. ನಮ್ಮವ್ವ ಹಿಂಗ ಇದ್ಲು."

ಇದ್ಲು ಅಂದದ್ದನ್ನು ಸಾಹೇಬರು ಗಮನಿಸಲಿಲ್ಲ. ಎರ್ರೆಮ್ಮ ಗಮನಿಸಿದಳು. ಇಲ್ಲ, ನಾನು ನಿಮ್ಮವ್ವ ಅಲ್ಲ, ನಿಮ್ಮವ್ವನ ಮುಖ ಬೇರೆ ಎಂದು ಹೇಳಲು ಬಾಯಿ ತೆರೆದಳು. ಬೇರೆ ಅಂದರೆ ಹೇಗೆ? ಆ ಮುಖ ತೋರಿಸಲು ಈ ಅಂಗಳದಲ್ಲಿ ಯಾರ ಹತ್ತಿರವೂ ಇರಲಿಲ್ಲ, ಅವಳ ಹತ್ತಿರ ಮೊದಲೇ ಇರಲಿಲ್ಲ. ಇದನ್ನೂ ಕಿತ್ತುಕೊಂಡರೆ ಹುಡುಗಿ ಕಣ್ಣು ಮುಚ್ಚಿದಾಗ ಏನು ಕಾಣಬೇಕು? ಸೆರಗು ಹಿಡಿದ ಕೈ ಬಿಗಿಯಾಗುತ್ತಿತ್ತು.

"ಏನಮ್ಮಾ, ಈಗ ಹೇಳು. ನಿನ್ನ ಹೆಸರೇನು?"

"ವಿರುಪಮ್ಮರಿ" ಅಂದಳು ಎರ್ರೆಮ್ಮ.

ಅರ್ಜಿ ತಪ್ಪು ತಿಳಿವಳಿಕೆಯಿಂದ ಕೊಟ್ಟದ್ದೆಂದು ಬರೆದುಕೊಂಡು ಸಾಹೇಬರು ಶಾಯಿಯ ಡಬ್ಬಿ ಮುಂದೆ ಹಿಡಿದರು. ವಿರುಪಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು.

ಜೀಪು ಹೋಯಿತು, ಜನ ಚದುರಿದರು. ದುರ್ಗಕ್ಕ ಅಂಗಳಕ್ಕೆ ನೀರು ಹಾಕಿದಳು. ಜಂಬಪ್ಪ ಲಾರಿ ಹತ್ತಿ ಹೊಸಪೇಟೆಯ ದಾರಿ ಹಿಡಿದ. ಎರ್ರೆಮ್ಮ ಒಲೆಯ ಮುಂದೆ ಕುಳಿತು ಬೆರಳಿನ ಶಾಯಿ ಉಜ್ಜುತ್ತಿದ್ದಾಗ ಪಲ್ಲವಿ ಬಾಗಿಲಲ್ಲಿ ನಿಂತು, "ಅವ್ವಾ, ಹಸಿವಾಗೈತಿ" ಎಂದಳು.

ಎರ್ರೆಮ್ಮ ತಟ್ಟನೆ ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದಳು, ಬೇರೆ ಯಾರೂ ಓಗೊಡಲಿಲ್ಲ. ಆಮೇಲೆ ತಾನೇ "ಬಂದೆ ಮಗಳ" ಎಂದು ಎದ್ದು ತಾಟು ಹಾಕಿದಳು.